ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರೆ ಹಾಪರ್ (ಡಿಸೆಂಬರ್ 9, 1906 – ಜನವರಿ 1, 1992) ಅಮೆರಿಕ ಸಂಯುಕ್ತ ಸಂಸ್ಥಾನದ ಗಣಿತಜ್ಞೆ, ಗಣಕವಿಜ್ಞಾನಿ ಹಾಗೂ ನೌಕಾಪಡೆಯ ಅಧಿಕಾರಿ. ಬೇರೆ ಬೇರೆಯಾಗಿ ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು ಗಣಕಯಂತ್ರವೇ ಹುಡುಕಿ ತೆಗೆದು, ಕ್ರಮವಾಗಿ ಜೋಡಿಸಿ, ಒಂದೇ ಪ್ರೋಗ್ರಾಂ ಆಗಿ ಸಿದ್ಧಪಡಿಸುವ ಎ-0 ಎಂಬ ವ್ಯವಸ್ಥೆಯನ್ನು ಇವರು 1951–52ರಲ್ಲಿ ಯುನಿವ್ಯಾಕ್ ಗಣಕಯಂತ್ರಕ್ಕಾಗಿ ರಚಿಸಿದರು. ಕಂಪೈಲರ್ ಎಂಬ ಪದ ಗಣಕವಿಜ್ಞಾನದಲ್ಲಿ ನೆಲೆಯೂರಲು ಈ ವ್ಯವಸ್ಥೆಯೇ ಕಾರಣವಾಯಿತು. ಇಂಗ್ಲಿಷ್ ಪದಗಳಲ್ಲಿ ಆಜ್ಞೆಗಳನ್ನು ಬರೆಯಬಹುದಾಗಿದ್ದ ಫ್ಲೋ-ಮ್ಯಾಟಿಕ್ ಭಾಷೆಯ ನಿರ್ಮಾಣ ಇವರ ನೇತೃತ್ವದಲ್ಲಿ ನಡೆಯಿತು. ಕೋಬಾಲ್ ಭಾಷೆಯ ರೂಪರೇಷೆಯ ಮೇಲೆ ಅದು ಗಾಢವಾದ ಪ್ರಭಾವ ಬೀರಿತು. ನೌಕಾಪಡೆಯಿಂದ ರಿಯರ್ ಅಡ್ಮಿರಲ್ ಪದವಿಯಲ್ಲಿ ನಿವೃತ್ತರಾದಾಗ ಇವರಿಗೆ 79 ವರ್ಷ.

ಜನನ ಮತ್ತು ಬಾಲ್ಯ

ಗ್ರೇಸ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಾಲ್ಟರ್ ಫ್ಲೆಚರ್ ಮರ್ರೆ ವಿಮಾ ವ್ಯವಹಾರದಲ್ಲಿದ್ದರು. ತಾಯಿ ಮೇರಿ ಕ್ಯಾಂಬೆಲ್ ವ್ಯಾನ್ ಹಾರ್ನ್. ಮೂವರು ಮಕ್ಕಳಲ್ಲಿ ಗ್ರೇಸ್ ಹಿರಿಯರು. ಇವರ ಮುತ್ತಜ್ಜ ಅಲೆಕ್ಸಾಂಡರ್ ರಸೆಲ್ ಅಮೆರಿಕದ ಅಂತರ್ಯುದ್ಧ ಕಾಲದಲ್ಲಿ ನೌಕಾಪಡೆಯ ಅಧಿಕಾರಿಯಾಗಿದ್ದರು.

ಏಳನೆಯ ವಯಸ್ಸಿನಲ್ಲಿ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮನೆಯಲ್ಲಿದ್ದ ಗಡಿಯಾರವೊಂದನ್ನು ಬಿಚ್ಚಿದ ಬಾಲಕಿ, ಅದನ್ನು ಮತ್ತೆ ಜೋಡಿಸಲಾಗದೆ ಒಂದಾದ ಮೇಲೊಂದರಂತೆ ಏಳು ಗಡಿಯಾರಗಳನ್ನು ಬಿಚ್ಚಿಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ವಿಷಯ ತಿಳಿದ ತಾಯಿ ಆಕೆಯ ಪ್ರಯೋಗಗಳಿಗೆ ಒಂದೇ ಗಡಿಯಾರದ ಮಿತಿ ಹಾಕಿದರು. ರಕ್ತನಾಳಗಳ ಕಾಯಿಲೆಯಿಂದ ತಂದೆ ಎರಡೂ ಕಾಲುಗಳನ್ನು ಕಳೆದುಕೊಂಡಿದ್ದರು. ಗಂಡುಮಗನಿಗೆ ದೊರೆಯುವ ಶಿಕ್ಷಣವೇ ಹೆಣ್ಣುಮಕ್ಕಳಿಗೂ ದೊರೆಯಬೇಕು, ಅವರು ಸ್ವಂತ ದುಡಿಮೆಯಿಂದ ಬದುಕಲು ಶಕ್ತರಾಗಬೇಕು ಎಂಬುದು ಅವರ ನಿಲುವಾಗಿತ್ತು.

ಶಿಕ್ಷಣ ಮತ್ತು ಅಧ್ಯಾಪನ

ಹದಿನಾರನೆಯ ವಯಸ್ಸಿನಲ್ಲಿ ವ್ಯಾಸ್ಸರ್ ಕಾಲೇಜಿಗೆ ಅರ್ಜಿ ಸಲ್ಲಿಸಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಕಡಿಮೆ ಅಂಕಗಳು ಬಂದುದರಿಂದ ಪ್ರವೇಶ ದೊರೆಯಲಿಲ್ಲ. ಮರುವರ್ಷ ಅಲ್ಲಿ ಸೇರಿ, 1928ರಲ್ಲಿ ಗಣಿತ ಹಾಗೂ ಭೌತಶಾಸ್ತ್ರದಲ್ಲಿ ಪದವಿ ಪಡೆದರು. 1930ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದ ಇವರು, ಅಲ್ಲಿಯೇ ನಾರ್ವೆ ಮೂಲದ ಗಣಿತಜ್ಞ ಓಯ್‌ಸ್ಟೀನ್ ಓರೆ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ 1934ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು. ಗಣಿತದಲ್ಲಿ ಡಾಕ್ಟರೇಟ್ ಪಡೆದ ಮಹಿಳೆಯರು ವಿರಳವಾಗಿದ್ದ ಕಾಲವದು.

1930ರಲ್ಲಿ ವಿನ್ಸೆಂಟ್ ಫಾಸ್ಟರ್ ಹಾಪರ್ ಅವರೊಡನೆ ವಿವಾಹವಾಯಿತು. 1945ರಲ್ಲಿ ಈ ದಂಪತಿ ವಿಚ್ಛೇದನ ಪಡೆದರು. ಅವರಿಗೆ ಮಕ್ಕಳಿರಲಿಲ್ಲ. ಗ್ರೇಸ್ ಮರುಮದುವೆಯಾಗಲಿಲ್ಲ, ಹಾಪರ್ ಎಂಬ ಹೆಸರನ್ನು ಕೊನೆಯವರೆಗೂ ಉಳಿಸಿಕೊಂಡರು.

1931ರಿಂದ ವ್ಯಾಸ್ಸರ್ ಕಾಲೇಜಿನಲ್ಲಿ ಗಣಿತ ಬೋಧಿಸತೊಡಗಿದ ಇವರು 1941ರಲ್ಲಿ ಸಹ ಪ್ರಾಧ್ಯಾಪಕರಾದರು. ಈ ಅವಧಿಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಖ್ಯಾತ ಗಣಿತಜ್ಞ ರಿಚರ್ಡ್ ಕೂರಾಂಟ್ ಅವರ ಬಳಿಯೂ ಅಧ್ಯಯನ ಮಾಡಿದರು.

ನೌಕಾಪಡೆ ಮತ್ತು ಹಾರ್ವರ್ಡ್

ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಪ್ರವೇಶಿಸಿದ ನಂತರ ಗ್ರೇಸ್ ನೌಕಾಪಡೆಗೆ ಸೇರಲು ಬಯಸಿದರು. ವಯಸ್ಸು ಮೀರಿತ್ತು, ದೇಹತೂಕವೂ ನಿಗದಿತ ಮಿತಿಗಿಂತ 15 ಪೌಂಡ್ ಕಡಿಮೆಯಿತ್ತು. ವಿಶೇಷ ವಿನಾಯಿತಿ ಪಡೆದು, ಕಾಲೇಜಿನಿಂದ ರಜೆ ತೆಗೆದುಕೊಂಡು, 1943ರ ಡಿಸೆಂಬರಿನಲ್ಲಿ ನೌಕಾಪಡೆಯ ಮೀಸಲು ದಳದ ಮಹಿಳಾ ವಿಭಾಗವನ್ನು ಸೇರಿದರು. 1944ರಲ್ಲಿ ತರಬೇತಿಯನ್ನು ಪ್ರಥಮ ಸ್ಥಾನದೊಂದಿಗೆ ಮುಗಿಸಿದ ಇವರನ್ನು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತಿದ್ದ ನೌಕಾಪಡೆಯ ಗಣನ ಯೋಜನೆಗೆ ನಿಯೋಜಿಸಲಾಯಿತು. ಆ ಯೋಜನೆಯ ಮುಖ್ಯಸ್ಥರು ಹೊವಾರ್ಡ್ ಐಕೆನ್.

ಐಕೆನ್ ಅವರ ಕಲ್ಪನೆಯಂತೆ ಐಬಿಎಂ ಸಂಸ್ಥೆ ನಿರ್ಮಿಸಿದ ಮಾರ್ಕ್ 1 ಯಂತ್ರ 51 ಅಡಿ ಉದ್ದ, 8 ಅಡಿ ಎತ್ತರವಿತ್ತು. ಅದು 23 ಅಂಕಿಗಳ ಸಂಖ್ಯೆಗಳನ್ನು ನಿರ್ವಹಿಸುತ್ತಿತ್ತು. ಅಂತಹ 72 ಸಂಖ್ಯೆಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬಲ್ಲುದಾಗಿತ್ತು. ಒಂದು ಸೆಕೆಂಡಿಗೆ ಮೂರು ಸಂಕಲನ ಮಾಡುವ ಈ ಯಂತ್ರಕ್ಕೆ ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡ್ ಬೇಕಾಗುತ್ತಿತ್ತು. ಆಜ್ಞೆಗಳನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳ ರೂಪದಲ್ಲಿ ಕೊರೆದು ಯಂತ್ರಕ್ಕೆ ಉಣಿಸಬೇಕಿತ್ತು.

ಹಾಪರ್ ಅವರು ರಾಬರ್ಟ್ ಕ್ಯಾಂಬೆಲ್ ಹಾಗೂ ರಿಚರ್ಡ್ ಬ್ಲಾಕ್ ಅವರೊಂದಿಗೆ ಈ ಯಂತ್ರದ ಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾದರು. ಯುದ್ಧಕಾಲದ ಹಲವು ಲೆಕ್ಕಗಳು ಅಲ್ಲಿ ನಡೆದವು. 1944ರಲ್ಲಿ ಜಾನ್ ಫಾನ್ ನಾಯ್‌ಮನ್ ಅವರು ಪರಮಾಣು ಬಾಂಬಿನ ವಿನ್ಯಾಸಕ್ಕೆ ಸಂಬಂಧಿಸಿದ ಸಮೀಕರಣಗಳನ್ನು ಬಿಡಿಸಲು ಇದೇ ಯಂತ್ರವನ್ನು ಬಳಸಿದರು. ಐಕೆನ್ ಅವರ ಸೂಚನೆಯ ಮೇರೆಗೆ ಹಾಪರ್ ಯಂತ್ರದ ಕಾರ್ಯವಿಧಾನವನ್ನು ವಿವರಿಸುವ ಕೈಪಿಡಿಯ ಬರವಣಿಗೆಯ ಮುಖ್ಯ ಹೊಣೆ ಹೊತ್ತರು. 500ಕ್ಕೂ ಹೆಚ್ಚು ಪುಟಗಳ ಆ ಗ್ರಂಥ 1946ರಲ್ಲಿ ಪ್ರಕಟವಾಯಿತು.

ಟಿಪ್ಪಣಿ ಪುಸ್ತಕಗಳಲ್ಲಿನ ಪ್ರೋಗ್ರಾಂಗಳು

ಹಾಪರ್ ಅವರ ಮುಂದಿನ ಸಾಧನೆಯ ಬೀಜ ಹಾರ್ವರ್ಡ್‌ನ ದಿನನಿತ್ಯದ ಕೆಲಸದಲ್ಲಿದೆ. ಕೋನದ ಸೈನ್ ಬೆಲೆ, ವರ್ಗಮೂಲ, ಘಾತ ಮುಂತಾದ ಲೆಕ್ಕಗಳು ಹಲವು ಸಮಸ್ಯೆಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಇಂತಹ ಒಂದೊಂದು ಲೆಕ್ಕಕ್ಕೂ ಬೇಕಾದ ಆಜ್ಞೆಗಳ ಸರಣಿಯನ್ನು ಸಬ್‌ರೂಟೀನ್ ಎನ್ನುತ್ತಾರೆ. ಸರಿಯಾಗಿ ಕೆಲಸ ಮಾಡಿದ ಸಬ್‌ರೂಟೀನುಗಳನ್ನು ಪ್ರೋಗ್ರಾಮರುಗಳು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಒಬ್ಬರಿಗೆ ಬೇಕಾದುದು ಇನ್ನೊಬ್ಬರ ಪುಸ್ತಕದಲ್ಲಿದ್ದರೆ ಅದನ್ನು ಎರವಲು ಪಡೆದು, ಕೈಯಿಂದ ನಕಲು ಮಾಡಿಕೊಳ್ಳುತ್ತಿದ್ದರು.

ಆಜ್ಞೆಗಳನ್ನೂ ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಳ್ಳುವ ಮುಂದಿನ ತಲೆಮಾರಿನ ಯಂತ್ರಗಳಲ್ಲಿ ಈ ನಕಲು ಇನ್ನಷ್ಟು ಕಷ್ಟವಾಯಿತು. ಅಲ್ಲಿ ಪ್ರತಿಯೊಂದು ಆಜ್ಞೆಗೂ ಸ್ಮೃತಿಯಲ್ಲಿ ಒಂದು ಸ್ಥಾನಸಂಖ್ಯೆ ಇರುತ್ತದೆ. ಟಿಪ್ಪಣಿ ಪುಸ್ತಕದಲ್ಲಿದ್ದ ಸಬ್‌ರೂಟೀನ್ ಸೊನ್ನೆಯಿಂದ ಆರಂಭವಾಗುತ್ತದೆ ಎಂದಿಟ್ಟುಕೊಳ್ಳೋಣ. ಹೊಸ ಪ್ರೋಗ್ರಾಂನಲ್ಲಿ ಅದು 300ನೆಯ ಸ್ಥಾನದಿಂದ ಆರಂಭವಾಗಬೇಕಾದರೆ, ಅದರೊಳಗೆ 7ನೆಯ ಸ್ಥಾನಕ್ಕೆ ಹೋಗು ಎಂದಿರುವ ಆಜ್ಞೆಯನ್ನು 307ನೆಯ ಸ್ಥಾನಕ್ಕೆ ಹೋಗು ಎಂದು ತಿದ್ದಬೇಕು. ಬೇರೆ ಬೇರೆ ನೋಟುಪುಸ್ತಕಗಳನ್ನು ಸೇರಿಸಿ ಒಂದೇ ಪುಸ್ತಕವಾಗಿ ಹೊಲಿದಾಗ, ಒಳಗೆ ಉಲ್ಲೇಖಿಸಿರುವ ಪುಟಸಂಖ್ಯೆಗಳನ್ನೆಲ್ಲ ಬದಲಿಸಬೇಕಾಗುವುದಕ್ಕೆ ಇದನ್ನು ಹೋಲಿಸಬಹುದು. ಒಂದೇ ಒಂದು ಸಂಖ್ಯೆ ತಪ್ಪಿದರೂ ಪ್ರೋಗ್ರಾಂ ಕೆಡುತ್ತಿತ್ತು. ಕೂಡುವಾಗಲೂ ನಕಲು ಮಾಡುವಾಗಲೂ ಮನುಷ್ಯರು ತಪ್ಪು ಮಾಡುತ್ತಾರೆ, ಆ ಎರಡೂ ಕೆಲಸಗಳಲ್ಲಿ ಯಂತ್ರ ನಿಪುಣವಾಗಿದೆ ಎಂಬುದನ್ನು ಹಾಪರ್ ಗಮನಿಸಿದರು. ಹಾಗಿದ್ದ ಮೇಲೆ ಜೋಡಣೆಯ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು ಎಂಬ ಪ್ರಶ್ನೆ ಅವರ ಮುಂದಿನ ಸಂಶೋಧನೆಗೆ ದಾರಿ ತೋರಿತು.

ಪತಂಗದ ಪ್ರಸಂಗ

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ಹೊರತೆಗೆದು ದಿನಚರಿ ಪುಸ್ತಕದಲ್ಲಿ ಅಂಟಿಸಲಾಯಿತು. ಆ ಪುಟ ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಬಗ್ ಎಂಬ ಪದವನ್ನು ಹಾಪರ್ ಅವರೇ ಸೃಷ್ಟಿಸಿದರು, ಪತಂಗವನ್ನು ಕಂಡುಹಿಡಿದವರೂ ಅವರೇ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಅದು ಸರಿಯಲ್ಲ. ಯಂತ್ರದ ದೋಷವನ್ನು ಬಗ್ ಎಂದು ಕರೆಯುವ ರೂಢಿ 19ನೆಯ ಶತಮಾನದಷ್ಟು ಹಳೆಯದು. ಥಾಮಸ್ ಎಡಿಸನ್ ಕೂಡ ಆ ಪದವನ್ನು ಬಳಸಿದ್ದರು. ಪತಂಗವನ್ನು ಕಂಡವರು ಆ ಯಂತ್ರವನ್ನು ನಡೆಸುತ್ತಿದ್ದ ಸಿಬ್ಬಂದಿ. ಹಾಪರ್ ತಮ್ಮ ಉಪನ್ಯಾಸಗಳಲ್ಲಿ ಈ ಕಥೆಯನ್ನು ಸ್ವಾರಸ್ಯವಾಗಿ ಹೇಳುತ್ತಿದ್ದುದರಿಂದ ಅದು ಅವರ ಹೆಸರಿನೊಡನೆ ಬೆಸೆದುಕೊಂಡಿತು.

ಫಿಲಡೆಲ್ಫಿಯಾಕ್ಕೆ ಪಯಣ

ಯುದ್ಧ ಮುಗಿದ ಮೇಲೆ ನೌಕಾಪಡೆಯ ಕಾಯಂ ಸೇವೆಗೆ ಸೇರಲು ಹಾಪರ್ ಸಲ್ಲಿಸಿದ ಕೋರಿಕೆ ವಯಸ್ಸಿನ ಕಾರಣದಿಂದ ತಿರಸ್ಕೃತವಾಯಿತು. ವ್ಯಾಸ್ಸರ್ ಕಾಲೇಜು ನೀಡಿದ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪದೆ, ಮೀಸಲು ದಳದಲ್ಲಿ ಮುಂದುವರಿಯುತ್ತ, ಸಂಶೋಧಕರಾಗಿ 1949ರವರೆಗೆ ಹಾರ್ವರ್ಡ್‌ನಲ್ಲಿಯೇ ಉಳಿದರು. ಮುಂದಿನ ಉದ್ಯೋಗದ ಭರವಸೆಯಿಲ್ಲದ ಆ ವರ್ಷಗಳಲ್ಲಿ ಅವರು ಮದ್ಯವ್ಯಸನದಿಂದ ಬಳಲಿದರೆಂದು ಜೀವನಚರಿತ್ರೆಕಾರ ಕರ್ಟ್ ಬೈಯರ್ ದಾಖಲಿಸಿದ್ದಾರೆ.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮೌಚ್ಲಿ ಕಂಪ್ಯೂಟರ್ ಕಾರ್ಪೊರೇಷನ್ ಸಂಸ್ಥೆಯನ್ನು ಹಿರಿಯ ಗಣಿತಜ್ಞೆಯಾಗಿ ಸೇರಿದರು. ಎನಿಯಾಕ್ ಯಂತ್ರದ ನಿರ್ಮಾತೃಗಳಾದ ಪ್ರೆಸ್ಪರ್ ಎಕರ್ಟ್ ಹಾಗೂ ಜಾನ್ ಮೌಚ್ಲಿ ಈ ಸಂಸ್ಥೆಯ ಸ್ಥಾಪಕರು. 1950ರಲ್ಲಿ ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆ ಇದನ್ನು ಕೊಂಡುಕೊಂಡಿತು. ಇಲ್ಲಿ ಸಿದ್ಧವಾದ ಯುನಿವ್ಯಾಕ್ 1 ಯಂತ್ರವನ್ನು 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಹಸ್ತಾಂತರಿಸಲಾಯಿತು. ಅದರ ಸ್ಮೃತಿಯಲ್ಲಿ 12 ಅಕ್ಷರಗಳ 1,000 ಪದಗಳಿಗೆ ಸ್ಥಳವಿತ್ತು. ದತ್ತಾಂಶಗಳನ್ನು ಕಾಂತೀಯ ಟೇಪುಗಳಲ್ಲಿ ಇಡಲಾಗುತ್ತಿತ್ತು.

ಇದೇ ಸಂಸ್ಥೆಯ ಬೈನ್ಯಾಕ್ ಯಂತ್ರಕ್ಕಾಗಿ ಹಾಪರ್ ಎಂಟರ ಆಧಾರದ ಸಂಖ್ಯಾಪದ್ಧತಿಯನ್ನು ಕಲಿತು, ಅದರಲ್ಲಿಯೇ ಲೆಕ್ಕ ಮಾಡುವುದನ್ನು ರೂಢಿಸಿಕೊಂಡಿದ್ದರು. ಕೆಲವು ತಿಂಗಳ ನಂತರ ಅವರ ಬ್ಯಾಂಕ್ ಖಾತೆಯ ಲೆಕ್ಕ ತಾಳೆಯಾಗದೆ ಹೋಯಿತು. ಬ್ಯಾಂಕ್ ಉದ್ಯೋಗಿಯಾಗಿದ್ದ ಸಹೋದರ ಪರಿಶೀಲಿಸಿದಾಗ, ಅವರು ಆಗಾಗ ಎಂಟರ ಪದ್ಧತಿಯಲ್ಲಿ ವ್ಯವಕಲನ ಮಾಡಿದ್ದುದು ಬೆಳಕಿಗೆ ಬಂತು. ಯಂತ್ರದ ಭಾಷೆಯನ್ನು ಮನುಷ್ಯರು ಕಲಿಯುವುದಕ್ಕಿಂತ ಮನುಷ್ಯರಿಗೆ ಅನುಕೂಲವಾದ ರೂಪವನ್ನು ಯಂತ್ರವೇ ತನ್ನ ಭಾಷೆಗೆ ಬದಲಿಸಿಕೊಳ್ಳುವುದು ಮೇಲು ಎಂಬ ತಮ್ಮ ನಂಬಿಕೆಯನ್ನು ವಿವರಿಸಲು ಅವರು ಈ ಅನುಭವವನ್ನು ಹೇಳುತ್ತಿದ್ದರು.

ಎ-0 ವ್ಯವಸ್ಥೆ

1951ರ ಕೊನೆಯಲ್ಲಿ ಆರಂಭಿಸಿದ ಎ-0 ವ್ಯವಸ್ಥೆಯನ್ನು ಹಾಪರ್ 1952ರಲ್ಲಿ ಕಾರ್ಯರೂಪಕ್ಕೆ ತಂದರು. ಆ ವರ್ಷದ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಗಣಕವಿಜ್ಞಾನಿಗಳ ಸಭೆಯಲ್ಲಿ ಇದರ ಹಿಂದಿನ ಚಿಂತನೆಯನ್ನು ಪ್ರಬಂಧರೂಪದಲ್ಲಿ ಮಂಡಿಸಿದರು.

ಎ-0 ಕೆಲಸ ಮಾಡುತ್ತಿದ್ದ ಕ್ರಮ ಹೀಗಿತ್ತು. ಪರೀಕ್ಷಿಸಿ ಸರಿಯೆಂದು ಕಂಡುಬಂದ ಸಬ್‌ರೂಟೀನುಗಳನ್ನು ಒಂದು ಟೇಪಿನಲ್ಲಿ ಸಂಗ್ರಹಿಸಿ, ಪ್ರತಿಯೊಂದಕ್ಕೂ ಒಂದು ಕರೆಸಂಖ್ಯೆ ನೀಡಲಾಗುತ್ತಿತ್ತು. ಪ್ರೋಗ್ರಾಮರ್ ತನ್ನ ಸಮಸ್ಯೆಗೆ ಬೇಕಾದ ಸಬ್‌ರೂಟೀನುಗಳ ಕರೆಸಂಖ್ಯೆಗಳನ್ನು ಅನುಕ್ರಮವಾಗಿ ಬರೆದು, ಅವು ಯಾವ ಬೆಲೆಗಳ ಮೇಲೆ ಕೆಲಸ ಮಾಡಬೇಕು, ಉತ್ತರವನ್ನು ಎಲ್ಲಿಡಬೇಕು ಎಂಬುದನ್ನಷ್ಟೇ ಸೂಚಿಸಿದರೆ ಸಾಕಾಗುತ್ತಿತ್ತು. ಎ-0 ಆ ಪಟ್ಟಿಯನ್ನು ಓದಿ, ಟೇಪಿನಿಂದ ಆಯಾ ಸಬ್‌ರೂಟೀನನ್ನು ಹುಡುಕಿ, ಅದರ ಸ್ಥಾನಸಂಖ್ಯೆಗಳನ್ನು ತಿದ್ದಿ, ಒಂದರ ಹಿಂದೆ ಒಂದನ್ನು ಜೋಡಿಸಿ, ಪೂರ್ಣ ಪ್ರೋಗ್ರಾಂ ಅನ್ನು ಇನ್ನೊಂದು ಟೇಪಿಗೆ ಬರೆಯುತ್ತಿತ್ತು. ಹೀಗೆ ಗ್ರಂಥಾಲಯದಿಂದ ಆಯ್ದು ಒಟ್ಟುಗೂಡಿಸುವ, ಅಂದರೆ ಸಂಕಲಿಸುವ ಕೆಲಸ ಮಾಡುತ್ತಿದ್ದುದರಿಂದಲೇ ಹಾಪರ್ ಇದನ್ನು ಕಂಪೈಲರ್ ಎಂದು ಕರೆದರು. ಕನ್ನಡದಲ್ಲಿ ಕಂಪೈಲರಿಗೆ ಸಂಕಲಕ ಎಂಬ ಪದ ಬಳಸಿದಾಗ ಈ ಮೂಲಾರ್ಥವೇ ಉಳಿದು ಬರುತ್ತದೆ.

ಜೋಡಣೆಯಲ್ಲಿ ಒಂದು ತೊಡಕಿತ್ತು. ಪ್ರೋಗ್ರಾಂನ ಒಂದು ಭಾಗದಿಂದ ಹಿಂದಿನ ಭಾಗಕ್ಕೆ ಜಿಗಿಯಬೇಕಾದರೆ ಆ ಭಾಗದ ಸ್ಥಾನ ಆಗಲೇ ತಿಳಿದಿರುತ್ತದೆ. ಮುಂದೆ ಬರಲಿರುವ ಭಾಗಕ್ಕೆ ಜಿಗಿಯಬೇಕಾದರೆ ಅದು ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಇನ್ನೂ ನಿರ್ಧಾರವಾಗಿರುವುದಿಲ್ಲ. ಪಟ್ಟಿಯನ್ನು ಒಂದೇ ಬಾರಿ ಓದಿ ಕೆಲಸ ಮುಗಿಸಬೇಕೆಂದಿದ್ದ ಹಾಪರ್ ಇದಕ್ಕೊಂದು ಉಪಾಯ ಕಂಡುಕೊಂಡರು. ಸ್ಮೃತಿಯ ತುದಿಯಲ್ಲಿ ಒಂದು ತಟಸ್ಥ ಮೂಲೆಯನ್ನು ಕಾಯ್ದಿರಿಸಿ, ಮುಂದಕ್ಕೆ ಜಿಗಿಯುವ ಆಜ್ಞೆಯನ್ನು ತಾತ್ಕಾಲಿಕವಾಗಿ ಆ ಮೂಲೆಯ ಒಂದು ಸ್ಥಾನದತ್ತ ತಿರುಗಿಸಿದರು. ಜಿಗಿಯಬೇಕಾದ ಭಾಗ ಸಿಕ್ಕಿದಾಗ, ಮೂಲೆಯ ಆ ಸ್ಥಾನದಲ್ಲಿ ಅದರ ನಿಜವಾದ ಸ್ಥಾನಸಂಖ್ಯೆ ಸೇರುತ್ತಿತ್ತು. ವಿದ್ಯಾರ್ಥಿ ದಿನಗಳಲ್ಲಿ ಆಡಿದ್ದ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ, ಚೆಂಡನ್ನು ಜೊತೆಗಾರ್ತಿಗೆ ಎಸೆದು ತಾನು ಮುಂದೆ ಓಡಿ ಮತ್ತೆ ಪಡೆದುಕೊಳ್ಳುವ ಕ್ರಮ ಈ ಉಪಾಯಕ್ಕೆ ಪ್ರೇರಣೆಯೆಂದು ಅವರು 1978ರಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಇತಿಹಾಸದ ಸಮ್ಮೇಳನವೊಂದರಲ್ಲಿ ತಿಳಿಸಿದರು.

ಈ ವ್ಯವಸ್ಥೆ ಸುಲಭವಾಗಿ ಸ್ವೀಕೃತವಾಗಲಿಲ್ಲ. ಗಣಕಯಂತ್ರ ಅಂಕಗಣಿತವನ್ನಷ್ಟೇ ಮಾಡಬಲ್ಲದು, ಪ್ರೋಗ್ರಾಂ ಬರೆಯಲಾರದು ಎಂಬ ಅಭಿಪ್ರಾಯ ಬಲವಾಗಿತ್ತು. ಪ್ರೋಗ್ರಾಂ ರಚನೆ ಕೆಲವೇ ಪರಿಣತರ ಕೌಶಲವೆಂದು ಭಾವಿಸಿದ್ದವರಿಗೆ ಅದನ್ನು ಯಂತ್ರಕ್ಕೆ ಒಪ್ಪಿಸುವುದು ಹಿತವಾಗಿರಲಿಲ್ಲ. ಯಂತ್ರವು ಜೋಡಿಸಿದ ಪ್ರೋಗ್ರಾಂ ಕೈಯಿಂದ ಬರೆದುದಕ್ಕಿಂತ ನಿಧಾನವಾಗಿರುತ್ತದೆ ಎಂಬ ಆಕ್ಷೇಪದಲ್ಲಿ ಸತ್ಯಾಂಶವೂ ಇತ್ತು. ಯಂತ್ರದ ವೇಳೆಯ ಜೊತೆಗೆ ಪ್ರೋಗ್ರಾಂ ಬರೆದು ತಿದ್ದಲು ಮನುಷ್ಯರಿಗೆ ತಗಲುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಹಾಪರ್ ಅವರ ವಾದವಾಗಿತ್ತು.

ಎ-0 ನಂತರ ಎ-1, ಎ-2 ಆವೃತ್ತಿಗಳು ಬಂದವು. 1953ರ ಕೊನೆಗೆ ಎ-2 ಗ್ರಾಹಕರ ಕೈಸೇರಿತು. ಅದರ ಮೂಲ ಸಂಕೇತವನ್ನೂ ಗ್ರಾಹಕರಿಗೆ ನೀಡಿ, ತಾವು ಮಾಡಿದ ಸುಧಾರಣೆಗಳನ್ನು ಸಂಸ್ಥೆಗೆ ಕಳುಹಿಸಿಕೊಡುವಂತೆ ಕೋರಲಾಗಿತ್ತು. ಮುಕ್ತ ತಂತ್ರಾಂಶ ಪದ್ಧತಿಯ ಆರಂಭಿಕ ನಿದರ್ಶನಗಳಲ್ಲಿ ಇದನ್ನೂ ಎಣಿಸುವುದುಂಟು.

ಮೊದಲ ಕಂಪೈಲರ್ ಎಂಬ ಹೆಗ್ಗಳಿಕೆ

ಹಾಪರ್ ಅವರನ್ನು ಜಗತ್ತಿನ ಮೊದಲ ಕಂಪೈಲರಿನ ನಿರ್ಮಾತೃ ಎಂದು ಹಲವೆಡೆ ಬಣ್ಣಿಸಲಾಗುತ್ತದೆ. ಇದನ್ನು ಆ ಕಾಲದ ಅರ್ಥದಲ್ಲಿ ಗ್ರಹಿಸಬೇಕು. ಇಂದು ಕಂಪೈಲರ್ ಎಂದರೆ ಮೇಲ್ಮಟ್ಟದ ಭಾಷೆಯಲ್ಲಿ ಬರೆದ ವಾಕ್ಯಗಳನ್ನು ವಿಶ್ಲೇಷಿಸಿ ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶ. ಸಿದ್ಧ ತುಣುಕುಗಳನ್ನು ಹುಡುಕಿ, ಸ್ಥಾನಸಂಖ್ಯೆ ತಿದ್ದಿ, ಒಟ್ಟುಗೂಡಿಸುವ ಎ-0 ವ್ಯವಸ್ಥೆ ಇಂದಿನ ಪರಿಭಾಷೆಯಲ್ಲಿ ಲಿಂಕರ್ ಹಾಗೂ ಲೋಡರ್‌ಗಳಿಗೆ ಹೆಚ್ಚು ಹತ್ತಿರವಾಗಿದೆ.

ಇದೇ ದಿಕ್ಕಿನಲ್ಲಿ ಇತರರೂ ದುಡಿದಿದ್ದರು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಡ್ಸ್ಯಾಕ್ ಯಂತ್ರಕ್ಕಾಗಿ ಮೌರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಹಾಗೂ ಸ್ಟ್ಯಾನ್ಲಿ ಗಿಲ್ ಸಬ್‌ರೂಟೀನುಗಳ ಗ್ರಂಥಾಲಯವನ್ನು ಕಟ್ಟಿ, 1951ರಲ್ಲಿ ಆ ಕುರಿತು ಗ್ರಂಥವನ್ನು ಪ್ರಕಟಿಸಿದ್ದರು. ಸಬ್‌ರೂಟೀನನ್ನು ಸ್ಮೃತಿಗೆ ತುಂಬುವಾಗಲೇ ಸ್ಥಾನಸಂಖ್ಯೆಗಳನ್ನು ತಿದ್ದುವ ವ್ಯವಸ್ಥೆ ಅಲ್ಲಿತ್ತು. 1952ರಲ್ಲಿ ಮ್ಯಾಂಚೆಸ್ಟರ್‌ನ ಯಂತ್ರಕ್ಕಾಗಿ ಅಲಿಕ್ ಗ್ಲೆನಿ ರಚಿಸಿದ ಆಟೋಕೋಡ್ ಅನ್ನು ಕೆಲವು ಇತಿಹಾಸಕಾರರು ಮೊದಲ ಕಂಪೈಲರ್ ಎಂದು ಗುರುತಿಸುತ್ತಾರೆ. ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದ ಫೋರ್‌ಟ್ರಾನ್ ಕಂಪೈಲರ್, ಯಂತ್ರ ರಚಿಸಿದ ಪ್ರೋಗ್ರಾಂ ಕೂಡ ವೇಗವಾಗಿರಬಲ್ಲದು ಎಂಬುದನ್ನು ತೋರಿಸಿಕೊಟ್ಟಿತು. ಪ್ರೋಗ್ರಾಂ ಸಿದ್ಧಪಡಿಸುವುದೂ ಗಣಕಯಂತ್ರದ ಕೆಲಸವೇ ಎಂಬ ವಿಚಾರವನ್ನು ವಾಣಿಜ್ಯ ಗಣಕಯಂತ್ರದ ಮೇಲೆ ಮಾಡಿ ತೋರಿಸಿ, ವರ್ಷಗಟ್ಟಲೆ ಅದರ ಪರ ವಾದಿಸಿ, ಉದ್ಯಮ ಒಪ್ಪುವಂತೆ ಮಾಡಿದ್ದರಲ್ಲಿ ಹಾಪರ್ ಅವರ ವಿಶಿಷ್ಟ ಕೊಡುಗೆಯಿದೆ.

ಫ್ಲೋ-ಮ್ಯಾಟಿಕ್ ಮತ್ತು ಕೋಬಾಲ್

1954ರಲ್ಲಿ ಹಾಪರ್ ಅವರನ್ನು ಸಂಸ್ಥೆಯ ಸ್ವಯಂಚಾಲಿತ ಪ್ರೋಗ್ರಾಮಿಂಗ್ ವಿಭಾಗದ ನಿರ್ದೇಶಕರನ್ನಾಗಿ ನೇಮಿಸಲಾಯಿತು. ವೇತನಪಟ್ಟಿ, ದಾಸ್ತಾನು, ಬಿಲ್ಲು ಮುಂತಾದ ವ್ಯವಹಾರದ ಕೆಲಸಗಳಿಗೆ ಗಣಕಯಂತ್ರವನ್ನು ಬಳಸುವವರು ಗಣಿತದ ಚಿಹ್ನೆಗಳಿಗೆ ಒಗ್ಗಿದವರಲ್ಲ ಎಂಬುದನ್ನು ಅರಿತ ಅವರು, ಸಾಮಾನ್ಯ ಪದಗಳಲ್ಲಿಯೇ ಆಜ್ಞೆ ಬರೆಯುವ ಭಾಷೆಯನ್ನು ಪ್ರಸ್ತಾಪಿಸಿದರು. ಗಣಕಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ಉತ್ತರ ಬಂತು.

1955ರ ಆರಂಭದಲ್ಲಿ ಹಾಪರ್ ತಂಡ ಒಂದು ಸಣ್ಣ ಮಾದರಿಯನ್ನು ಸಿದ್ಧಪಡಿಸಿತು. ಅದೇ ಪ್ರೋಗ್ರಾಂ ಅನ್ನು ಇಂಗ್ಲಿಷಿನ ಜೊತೆಗೆ ಫ್ರೆಂಚ್ ಹಾಗೂ ಜರ್ಮನ್ ಪದಗಳಲ್ಲಿಯೂ ಬರೆದು ತೋರಿಸಲಾಯಿತು. ಯಾವ ಭಾಷೆಯ ಪದವಾದರೂ ಯಂತ್ರದ ಮಟ್ಟಿಗೆ ಅದೊಂದು ಸಂಕೇತ ಮಾತ್ರ, ಅದಕ್ಕೆ ತಕ್ಕ ಯಂತ್ರಾಜ್ಞೆಗಳನ್ನು ಜೋಡಿಸಿದರೆ ಸಾಕು ಎಂಬುದನ್ನು ಇದು ಸಾರುತ್ತಿತ್ತು. ಆದರೆ ಪರಿಣಾಮ ವ್ಯತಿರಿಕ್ತವಾಯಿತು. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಯಂತ್ರ ವಿದೇಶಿ ಭಾಷೆಗಳನ್ನು ಅರಿಯುತ್ತದೆ ಎಂಬುದು ಅಧಿಕಾರಿಗಳನ್ನು ಗಾಬರಿಗೊಳಿಸಿತು. ಇಂಗ್ಲಿಷಿಗೆ ಮಾತ್ರ ಸೀಮಿತಗೊಳಿಸುವ ಆಶ್ವಾಸನೆ ನೀಡಬೇಕಾಯಿತು. ತತ್ತ್ವ ಮಾತ್ರ ಸರಿಯಾಗಿಯೇ ಇತ್ತು: ಅದರಂತೆ ಕನ್ನಡದ ಪದಗಳೂ ಆಜ್ಞೆಗಳಾಗಬಲ್ಲವು. ಈ ಯತ್ನ ಮುಂದೆ ಬಿ-0 ಅಥವಾ ಫ್ಲೋ-ಮ್ಯಾಟಿಕ್ ಎಂಬ ಭಾಷೆಯಾಗಿ ಬೆಳೆಯಿತು.

1950ರ ದಶಕದ ಅಂತ್ಯದ ವೇಳೆಗೆ ಪ್ರತಿಯೊಂದು ತಯಾರಕ ಸಂಸ್ಥೆಯೂ ತನ್ನದೇ ಭಾಷೆಯನ್ನು ರೂಪಿಸುತ್ತಿತ್ತು. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಮೇರಿ ಹಾಸ್ ಅವರ ಒತ್ತಾಸೆಯಿಂದ 1959ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸಭೆಯೊಂದು ಸೇರಿತು. ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ನಡೆದ ಸಭೆಯಿಂದ ಕೋಡಸಿಲ್ ಎಂಬ ಸಮಿತಿ ಅಸ್ತಿತ್ವಕ್ಕೆ ಬಂತು. ಕೋಬಾಲ್ ಭಾಷೆಯನ್ನು ವಿನ್ಯಾಸಗೊಳಿಸಿದ ಉಪಸಮಿತಿಯಲ್ಲಿ ಜೀನ್ ಸ್ಯಾಮೆಟ್ ಮೊದಲಾದವರಿದ್ದರು. ಹಾಪರ್ ಅವರು ಸಮಿತಿಯ ತಾಂತ್ರಿಕ ಸಲಹೆಗಾರರಾಗಿದ್ದರು. ಹೀಗಾಗಿ ಕೋಬಾಲ್ ಅವರೊಬ್ಬರ ಕೃತಿಯಲ್ಲ. ಆದರೆ ಅದರ ಮುಖ್ಯ ಆಧಾರಗಳಲ್ಲಿ ಫ್ಲೋ-ಮ್ಯಾಟಿಕ್ ಒಂದಾಗಿತ್ತು. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಅನ್ನು ಆರ್‌ಸಿಎ ಸಂಸ್ಥೆಯ ಯಂತ್ರದಲ್ಲಿಯೂ ಯುನಿವ್ಯಾಕ್ 2ರಲ್ಲಿಯೂ ನಡೆಸಿ ತೋರಿಸಲಾಯಿತು.

ಪದಬಾಹುಳ್ಯಕ್ಕಾಗಿ ಕೋಬಾಲ್ ಟೀಕೆಗೊಳಗಾಗಿದೆ. ಡಚ್ ಗಣಕವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ ಅದರ ಕಟು ವಿಮರ್ಶಕರಾಗಿದ್ದರು. ಆದರೂ ಬ್ಯಾಂಕು, ವಿಮೆ ಹಾಗೂ ಸರ್ಕಾರಿ ಆಡಳಿತದ ಹಲವು ವ್ಯವಸ್ಥೆಗಳು ದಶಕಗಳ ಕಾಲ ಅದನ್ನೇ ಅವಲಂಬಿಸಿದವು.

ನೌಕಾಪಡೆಗೆ ಮರಳಿಕೆ

1966ರ ಕೊನೆಯ ದಿನ ಹಾಪರ್ ಕಮಾಂಡರ್ ಪದವಿಯಲ್ಲಿ ಮೀಸಲು ದಳದಿಂದ ನಿವೃತ್ತರಾದರು. 1967ರ ಆಗಸ್ಟ್‌ನಲ್ಲಿ ಆರು ತಿಂಗಳ ಅವಧಿಗೆಂದು ನೌಕಾಪಡೆ ಅವರನ್ನು ಮರಳಿ ಕರೆಸಿಕೊಂಡಿತು; ಆ ಆದೇಶ ಅನಿರ್ದಿಷ್ಟ ಕಾಲ ಮುಂದುವರಿಯಿತು. 1971ರಲ್ಲಿ ಮತ್ತೆ ನಿವೃತ್ತರಾದ ಅವರನ್ನು 1972ರಲ್ಲಿ ಪುನಃ ಕರೆಸಿಕೊಳ್ಳಲಾಯಿತು. 1977ರವರೆಗೆ ನೌಕಾಪಡೆಯ ಪ್ರೋಗ್ರಾಮಿಂಗ್ ಭಾಷೆಗಳ ವಿಭಾಗವನ್ನು ಮುನ್ನಡೆಸಿ, ಕೋಬಾಲ್ ಕಂಪೈಲರುಗಳು ಪ್ರಮಾಣಿತ ನಿಯಮಗಳಿಗೆ ಅನುಗುಣವಾಗಿವೆಯೇ ಎಂದು ಪರೀಕ್ಷಿಸುವ ಕ್ರಮವನ್ನು ರೂಪಿಸಿದರು.

1973ರಲ್ಲಿ ಕ್ಯಾಪ್ಟನ್ ಆಗಿ, 1983ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ವಿಶೇಷ ಆದೇಶದಿಂದ ಕಮೊಡೋರ್ ಆಗಿ ಬಡ್ತಿ ಪಡೆದರು. 1985ರಲ್ಲಿ ಆ ಪದವಿಯ ಹೆಸರು ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರ ಆಗಸ್ಟ್ 14ರಂದು ಬೋಸ್ಟನ್ನಿನಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಐತಿಹಾಸಿಕ ಹಡಗಿನ ಮೇಲೆ ಅವರ ನಿವೃತ್ತಿ ಸಮಾರಂಭ ನಡೆಯಿತು. ಆಗ ಅವರು ಅಮೆರಿಕದ ನೌಕಾಪಡೆಯ ಸಕ್ರಿಯ ಸೇವೆಯಲ್ಲಿದ್ದ ಅತ್ಯಂತ ಹಿರಿಯ ವಯಸ್ಸಿನ ಅಧಿಕಾರಿಯಾಗಿದ್ದರು.

ಬೋಧಕರಾಗಿ

ಹಾಪರ್ ಜನಪ್ರಿಯ ಉಪನ್ಯಾಸಕಿಯಾಗಿದ್ದರು. ನ್ಯಾನೋಸೆಕೆಂಡ್ ಎಂದರೆ ಎಷ್ಟು ಎಂದು ಕೇಳಿದವರಿಗೆ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡನ್ನು ಕೊಡುತ್ತಿದ್ದರು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ ಬೆಳಕು ಕ್ರಮಿಸುವ ಗರಿಷ್ಠ ದೂರವದು. ಮೈಕ್ರೋಸೆಕೆಂಡ್‌ಗೆ ಸಮನಾದ ಸುಮಾರು 300 ಮೀಟರ್ ತಂತಿಯ ಸುರುಳಿಯನ್ನು ಪಕ್ಕದಲ್ಲಿಟ್ಟು, ಪ್ರೋಗ್ರಾಮರುಗಳು ವ್ಯರ್ಥಗೊಳಿಸುವ ಕಾಲ ಎಷ್ಟೆಂಬುದನ್ನು ಕಣ್ಣಿಗೆ ಕಾಣುವಂತೆ ಮಾಡುತ್ತಿದ್ದರು. ಹಿಂದಿನಿಂದ ನಡೆದುಬಂದಿದೆ ಎಂಬ ಒಂದೇ ಕಾರಣಕ್ಕೆ ಯಾವ ಪದ್ಧತಿಯನ್ನೂ ಮುಂದುವರಿಸಬಾರದು ಎಂಬುದನ್ನು ನೆನಪಿಸಲು ಅವರ ಕಚೇರಿಯ ಗೋಡೆಯ ಮೇಲೆ ಹಿಮ್ಮುಖವಾಗಿ ತಿರುಗುವ ಗಡಿಯಾರವಿತ್ತು.

ನಿಧನ

ನಿವೃತ್ತಿಯ ನಂತರ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಗೆ ಸಲಹೆಗಾರರಾಗಿ ಸೇವೆ ಸಲ್ಲಿಸಿದ ಹಾಪರ್, 1992ರ ಜನವರಿ 1ರಂದು ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವಗಳೊಂದಿಗೆ ಅವರ ಅಂತ್ಯಕ್ರಿಯೆ ನೆರವೇರಿತು.

ಗೌರವಗಳು ಮತ್ತು ಸ್ಮರಣೆ

1969ರಲ್ಲಿ ದತ್ತಾಂಶ ಸಂಸ್ಕರಣ ಕ್ಷೇತ್ರದ ವೃತ್ತಿಪರರ ಸಂಘವೊಂದು ಹಾಪರ್ ಅವರಿಗೆ ವರ್ಷದ ಪುರುಷ ಎಂಬ ಹೆಸರಿನ ತನ್ನ ಮೊದಲ ಪ್ರಶಸ್ತಿಯನ್ನು ನೀಡಿತು. 1971ರಲ್ಲಿ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ ಸಂಸ್ಥೆ ಯುವ ಗಣಕವಿಜ್ಞಾನಿಗಳಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿತು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದ ಅವರು, ವೈಯಕ್ತಿಕವಾಗಿ ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ. 1997ರಲ್ಲಿ ಹಾಪರ್ ಎಂಬ ಹೆಸರಿನ ಯುದ್ಧನೌಕೆ ಅಮೆರಿಕದ ನೌಕಾಪಡೆಗೆ ಸೇರ್ಪಡೆಯಾಯಿತು. 2016ರಲ್ಲಿ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಲಭಿಸಿತು. 2017ರಲ್ಲಿ ಯೇಲ್ ವಿಶ್ವವಿದ್ಯಾಲಯ ತನ್ನ ಕ್ಯಾಲ್‌ಹೂನ್ ಕಾಲೇಜಿಗೆ ಗ್ರೇಸ್ ಹಾಪರ್ ಕಾಲೇಜು ಎಂದು ಮರುನಾಮಕರಣ ಮಾಡಿತು. ಗುಲಾಮಗಿರಿಯ ಪ್ರತಿಪಾದಕರಾಗಿದ್ದ ರಾಜಕಾರಣಿಯೊಬ್ಬರ ಹೆಸರು ಅದುವರೆಗೆ ಆ ಕಾಲೇಜಿಗಿತ್ತು.

1994ರಲ್ಲಿ ಅನಿತಾ ಬೋರ್ಗ್ ಹಾಗೂ ಟೆಲ್ ವಿಟ್ನಿ ಅವರು ಗಣಕ ಕ್ಷೇತ್ರದ ಮಹಿಳೆಯರಿಗಾಗಿ ಗ್ರೇಸ್ ಹಾಪರ್ ಸಮ್ಮೇಳನವನ್ನು ಆರಂಭಿಸಿದರು. ಅದರ ಭಾರತೀಯ ಆವೃತ್ತಿಯ ಸಮ್ಮೇಳನಗಳು ಬೆಂಗಳೂರಿನಲ್ಲಿಯೂ ನಡೆದಿವೆ.

ಇಂದಿನ ತಂತ್ರಾಂಶದಲ್ಲಿ ಜೋಡಣೆಯ ತತ್ತ್ವ

ಎ-0 ಎದುರಿಸಿದ ಸಮಸ್ಯೆ ಇಂದಿಗೂ ಪ್ರತಿಯೊಬ್ಬ ಪ್ರೋಗ್ರಾಮರನ ಮುಂದಿದೆ. ದೊಡ್ಡ ಪ್ರೋಗ್ರಾಂ ಅನ್ನು ಅನೇಕ ಕಡತಗಳಲ್ಲಿ ಬರೆಯುವುದು ಮನುಷ್ಯರಿಗೆ ಅನುಕೂಲ. ಅದನ್ನು ನಡೆಸುವ ಯಂತ್ರಕ್ಕೆ ಎಲ್ಲವೂ ಒಂದಾಗಿ ಸಿಗಬೇಕು. ಈ ಜೋಡಣೆ ಎರಡು ಹಂತಗಳಲ್ಲಿ ನಡೆಯಬಹುದು. ಯಂತ್ರಭಾಷೆಗೆ ಅನುವಾದಗೊಂಡ ತುಣುಕುಗಳನ್ನು ಲಿಂಕರ್ ಸೇರಿಸುತ್ತದೆ. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ಎಲ್‌ಡಿ ಎಂಬ ಆಜ್ಞೆ ಈ ಕೆಲಸ ಮಾಡುತ್ತದೆ. ಅನುವಾದಕ್ಕೂ ಮೊದಲೇ ಮೂಲ ಸಂಕೇತದ ಕಡತಗಳನ್ನು ಸೇರಿಸುವುದು ಇನ್ನೊಂದು ಹಂತ. ಕೋಬಾಲ್ ಭಾಷೆಯ ಕಾಪಿ, ಸಿ ಭಾಷೆಯ ಇನ್‌ಕ್ಲೂಡ್ ಸೂಚನೆಗಳು ಒಂದು ಕಡತದ ಪಠ್ಯವನ್ನು ಇನ್ನೊಂದರೊಳಗೆ ತಂದಿಡುತ್ತವೆ. ಎಸ್‌ಕ್ಯೂಲೈಟ್ ದತ್ತಸಂಚಯ ತಂತ್ರಾಂಶದ ನೂರಕ್ಕೂ ಹೆಚ್ಚು ಮೂಲ ಕಡತಗಳನ್ನು ಒಂದೇ ಸಿ ಕಡತವಾಗಿ ಸೇರಿಸಿ ವಿತರಿಸಲಾಗುತ್ತದೆ. ಇದರಿಂದ ಬಳಸುವವರಿಗೆ ಜೋಡಣೆ ಸುಲಭವಾಗುತ್ತದೆ. ಇಡೀ ಪ್ರೋಗ್ರಾಂ ಒಟ್ಟಿಗೆ ಕಾಣುವುದರಿಂದ ಕಂಪೈಲರ್ ಹೆಚ್ಚು ವೇಗದ ಸಂಕೇತವನ್ನು ರಚಿಸಬಲ್ಲದು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ವೆಬ್‌ಪ್ಯಾಕ್, ರೋಲಪ್ ಮುಂತಾದ ಆಜ್ಞಾಸಾಲಿನ ಉಪಕರಣಗಳು ಹಲವು ಕಡತಗಳನ್ನು ಒಂದಾಗಿಸುತ್ತವೆ.

ಈ ಉಪಕರಣಗಳನ್ನು ಬಳಸುವವರು ಒಂದು ಆಜ್ಞೆ ಕೊಟ್ಟು ಕ್ಷಣದಲ್ಲಿ ಫಲಿತಾಂಶ ಪಡೆಯುತ್ತಾರೆ. ಯಾವ ತುಣುಕು ಎಲ್ಲಿದೆ, ಯಾವುದರ ನಂತರ ಯಾವುದು ಬರಬೇಕು, ಒಂದು ಇನ್ನೊಂದನ್ನು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗಳನ್ನು ತೆರೆಮರೆಯಲ್ಲಿ ಯಂತ್ರವೇ ಬಿಡಿಸುತ್ತದೆ. 1,000 ಪದಗಳ ಸ್ಮೃತಿಯಿದ್ದ ಯುನಿವ್ಯಾಕ್ ಯಂತ್ರಕ್ಕೆ ಹಾಪರ್ ಒಪ್ಪಿಸಿದ್ದು ಇದೇ ಹೊಣೆಯನ್ನು.